ಪದ ಕೊಡುವ ದೊಡ್ಡಪ್ಪ

ಬೈಯುವ ಮೊದಲು ಅವರು ಕನ್ನಡಕ ತೆಗೆಯುತ್ತಾರೆ. ಎಡಗಡೆಯ ಕಡ್ಡಿಯನ್ನು ಮೊದಲು ಮಡಚಿ, ಅದರ ಮೇಲೆ ಬಲಗಡೆಯದನ್ನು ಕೂರಿಸಿ, ಗಾಜು ಎದೆಯ ಕಡೆ ಬರುವಂತೆ ಅಂಗಿಯ ಜೇಬಿಗೆ ಇಳಿಬಿಡುತ್ತಾರೆ. ಆಮೇಲೆ ಜೇಬನ್ನು ಹೊರಗಿನಿಂದ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ. ಅಷ್ಟು ಹೊತ್ತೂ ಎದುರಿಗೆ ಕೂತವನು ಉಸಿರು ಹಿಡಿದಿರುತ್ತಾನೆ.

"ಡಿಸ್‌ಗ್ರೇಸ್‌ಫುಲ್," ಎನ್ನುತ್ತಾರೆ.

ಕೂತವನು ಉಸಿರು ಬಿಟ್ಟು, ಕೈಮುಗಿದು, "ಆತ್ರಿ ಯಪ್ಪಾ, ಬರ್ತೀನ್ರಿ" ಎಂದು ಎದ್ದು ಹೋಗುತ್ತಾನೆ. ನೋವಿನ ಹಲ್ಲು ಕೀಳಿಸಿಕೊಂಡು ಹೊರಬಂದವರ ಮುಖದಲ್ಲಿ ಒಂದು ನಿರಾಳ ಇರುತ್ತದಲ್ಲ, ಅದು ಅವನ ಮುಖದಲ್ಲಿರುತ್ತದೆ.

ನಮ್ಮ ದೊಡ್ಡಪ್ಪನ ಹತ್ತಿರ ಬೈಸಿಕೊಂಡಷ್ಟು ಸಂತೋಷದಿಂದ ಮಾನ್ವಿಯ ಜನ ಬೇರೆಯವರ ಹತ್ತಿರ ಹೊಗಳಿಸಿಕೊಂಡದ್ದೂ ಇಲ್ಲ. ಇದು ಉತ್ಪ್ರೇಕ್ಷೆ ಎಂದು ನಿಮಗೆ ಅನ್ನಿಸಬಹುದು. ಆದರೆ ದೊಡ್ಡಪ್ಪನ ವಿಷಯದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರೂ ಅದು ಉತ್ಪ್ರೇಕ್ಷೆಯಾಗಿಬಿಡುತ್ತದೆ, ಏನು ಮಾಡಲಿ?

ದೊಡ್ಡಪ್ಪ ಎಂದರೆ ನಮ್ಮಪ್ಪನ ಅಣ್ಣ. ಮಾನ್ವಿಯಲ್ಲಿ ಅವರದೊಂದು ಅಕ್ಕಿ ಮಿಲ್ಲು ಇದೆ. ಹಣೆಯ ತುಂಬ ವಿಭೂತಿ, ಮೊಣಕೈವರೆಗೆ ಮಡಚಿದ ಬಿಳಿ ಅಂಗಿ, ಅಂಗಿಯ ಮೇಲೆ ಸದಾ ಒಂದಿಷ್ಟು ತೌಡು. ಮಿಲ್ಲಿನ ಅಂಗಳದಲ್ಲಿ ಭತ್ತದ ಲಾರಿ ತೂಗುವ ಕಾಂಟಾ; ಅದರ ಪಕ್ಕಕ್ಕೆ ಒಂದು ತಗಡಿನ ನೆರಳು. ನೆರಳಿನ ಕೆಳಗೆ ಎರಡು ಬೆಂಚು, ಒಂದು ಕುರ್ಚಿ. ಒಂದು ಕಡೆ ಭತ್ತದ ತೂಕ ನಡೆಯುತ್ತಿದ್ದರೆ ಇನ್ನೊಂದು ಕಡೆ ಮನುಷ್ಯರ ನಡತೆಯ ತೂಕ ನಡೆಯುತ್ತಿರುತ್ತದೆ. ಬದು ಒತ್ತಿದವರು, ಅಣ್ಣನ ಪಾಲಿನ ನೀರು ತಿರುಗಿಸಿಕೊಂಡವರು, ಬೇರೆಯವರ ಜೋಳದ ಹೊಲಕ್ಕೆ ಕುರಿ ಬಿಟ್ಟವರು, ಹೀಗೆ ಪೊಲೀಸ್ ಠಾಣೆಯವರೆಗೆ ಹೋಗಲು ಮನಸ್ಸಿಲ್ಲದ, ಆದರೆ ಸುಮ್ಮನಿರಲೂ ಆಗದ ಜನರೆಲ್ಲ ಅಲ್ಲಿಗೆ ಬರುತ್ತಾರೆ. ಎರಡೂ ಕಡೆಯವರು ಮಾತಾಡಿ ಮುಗಿಸಿದ ಮೇಲೆ ಹಿರಿಯರು ಒಂದು ತೀರ್ಮಾನಕ್ಕೆ ಬರುತ್ತಾರೆ. ತೀರ್ಮಾನ ಯಾರು ಬೇಕಾದರೂ ಹೇಳಬಹುದು. ಆದರೆ ತಪ್ಪು ಮಾಡಿದವನಿಗೆ ಪದ ಮಾತ್ರ ದೊಡ್ಡಪ್ಪನೇ ಕೊಡಬೇಕು. ಅದೂ ಇಂಗ್ಲಿಷಿನಲ್ಲಿ, ಒಂದೇ ಒಂದು.

ಪದ ಬಿದ್ದ ಮೇಲೆ ಪಂಚಾಯ್ತಿ ಮುಗಿಯಿತು. ಅದರ ಮೇಲೆ ಯಾರೂ ಮಾತಾಡುವ ಹಾಗಿಲ್ಲ, ಹಳೆಯದನ್ನು ಕೆದಕುವ ಹಾಗಿಲ್ಲ. ಪದ ಪಡೆದವನು ಮರುದಿನದಿಂದ ಎಲ್ಲರಂತೆ ಊರಲ್ಲಿ ಓಡಾಡಬಹುದು.

ಒಮ್ಮೆ ದೇವದುರ್ಗದ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಮಸರಕಲ್ಲಿನ ಇಬ್ಬರು ಕೂತಿದ್ದರು.

"ನನಗ ಡಿಪ್ಲೋರಬಲ್ ಬಿತ್ತು ನೋಡಲೇ. ನಿನಗ?"

"ನನಗ ಬರೇ ಶೇಮ್‌ಫುಲ್."

"ಅಷ್ಟನಾ? ನೀನೂ ಬದು ಒತ್ತಿದ್ದೆಲ್ಲೋ?"

"ನಾ ಒತ್ತಿದ್ದು ಗೇಣಷ್ಟ. ಗೇಣಿಗೆ ಮತ್ತೆಷ್ಟು ಕೊಡ್ತಾರ?"

ಮೊದಲನೆಯವನು ಸಮಾಧಾನದಿಂದ ಕಿಟಕಿಯ ಕಡೆ ತಿರುಗಿದ. ಅವನು ಒತ್ತಿದ್ದು ಮಾರುದ್ದ ಇರಬೇಕು!

ಅಂದಹಾಗೆ ದೊಡ್ಡಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ.

ತಮಾಷೆಯಲ್ಲ, ನಿಜವಾಗಿಯೂ ಬರುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಲೋಟ ನೀರು ಕೇಳಲು ಬಾರದು, ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಲು ಬಾರದು. ನಾಚಿಕೆಗೇಡಿನ ನಡತೆಗೆ ಆ ಭಾಷೆಯಲ್ಲಿ ಎಷ್ಟು ಪದಗಳಿವೆಯೋ ಅವು ಮಾತ್ರ ಬರುತ್ತವೆ. ಅಷ್ಟೂ ಬರುತ್ತವೆ. ಇದು ಹೇಗೆ ಸಾಧ್ಯ ಎಂದು ಒಮ್ಮೆ ಕೇಳಿದೆ. ರಾಯಚೂರಿನ ಕಾಲೇಜಿನಲ್ಲಿ ನಾನು ಪಾಠ ಮಾಡುವುದು ಇಂಗ್ಲಿಷನ್ನೇ. ಹಾಗಾಗಿ ಇದು ನನಗೆ ವೃತ್ತಿಯ ಕುತೂಹಲವೂ ಆಗಿತ್ತು.

ಅವರು ಹುಡುಗರಾಗಿದ್ದಾಗ ರಾಯಚೂರಿನ ಒಂದು ಹಾಸ್ಟೆಲಿನಲ್ಲಿದ್ದರಂತೆ. ಅಲ್ಲಿನ ವಾರ್ಡನ್ ಸಾಹೇಬರು ಹೈದರಾಬಾದಿನ ಕಡೆಯವರು. ಕನ್ನಡ ಬಾರದು. ಉರ್ದು ಸೊಗಸಾಗಿ ಬರುತ್ತಿತ್ತು, ಆದರೆ ಉರ್ದುವಿನಲ್ಲಿ ಬೈದರೆ ಊಟಕ್ಕೆ ಕರೆದ ಹಾಗೆ ಕೇಳಿಸುತ್ತದೆ ಎಂದು ಅವರು ಬೈಗುಳಕ್ಕೆ ಮಾತ್ರ ಇಂಗ್ಲಿಷ್ ಇಟ್ಟುಕೊಂಡಿದ್ದರು.

"ಅಡಗಿ ಮನ್ಯಾಗ ಬೆಲ್ಲ ಕದ್ದಿದ್ದಕ್ಕ ಡಿಸ್‌ಗ್ರೇಸ್‌ಫುಲ್," ಎಂದು ದೊಡ್ಡಪ್ಪ ನೆನಪು ಮಾಡಿಕೊಂಡರು. "ಗ್ವಾಡಿ ಹಾರಿ ಸಿನಿಮಾಕ್ಕ ಹೋಗಿದ್ದಕ್ಕ ಸ್ಕ್ಯಾಂಡಲಸ್. ಸಾಹೇಬ್ರ ಸೈಕಲ್ಲಿನ ಗಾಳಿ ಬಿಟ್ಟು, ಬಿಟ್ಟಾವ ಬ್ಯಾರೆ ಹುಡುಗ ಅಂತ ಸುಳ್ಳು ಹೇಳಿದ್ದಕ್ಕ ಡೆಸ್ಪಿಕಬಲ್. ನೀ ಪುಸ್ತಕದಾಗ ಕಲ್ತಿ ಯವ್ವಾ. ನಾ ಒಂದೊಂದು ಪದಾನೂ ಮೈಮ್ಯಾಲ ಕಲ್ತೀನಿ."

ಇಷ್ಟೆಲ್ಲ ಕಲಿತರೂ ಅವರು ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾದರು. ಪರೀಕ್ಷೆಯಲ್ಲಿ ಯಾರೂ ಇವುಗಳನ್ನು ಕೇಳಲಿಲ್ಲವಂತೆ.

ಒಳ್ಳೆಯ ಮಾತಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂಬುದು ಅವರಿಗೆ ತಿಳಿಯಲೇ ಇಲ್ಲ. ಯಾಕೆಂದರೆ ವಾರ್ಡನ್ ಸಾಹೇಬರು ಯಾರಿಗೂ ಒಳ್ಳೆಯ ಮಾತು ಆಡಿರಲಿಲ್ಲ. ನಾನು ಎಂ.ಎ. ಮುಗಿಸಿ ಮಾನ್ವಿಗೆ ಹೋಗಿ ಕಾಲಿಗೆ ಬಿದ್ದಾಗ ದೊಡ್ಡಪ್ಪನಿಗೆ ಇಂಗ್ಲಿಷಿನಲ್ಲೇ ಹರಸಬೇಕು ಎನ್ನಿಸಿತು. ಬಹಳ ಹೊತ್ತು ಹುಡುಕಿದರು. ಕೊನೆಗೆ ನನ್ನ ತಲೆಯ ಮೇಲೆ ಕೈಯಿಟ್ಟು, ಕಣ್ಣು ತೇವ ಮಾಡಿಕೊಂಡು, "ನಾಟ್ ಡಿಸ್‌ಗ್ರೇಸ್‌ಫುಲ್," ಎಂದರು. ನನಗೆ ಸಿಕ್ಕ ಪ್ರಶಸ್ತಿಗಳಲ್ಲಿ ಅದಕ್ಕಿಂತ ದೊಡ್ಡದು ಇಲ್ಲ.

ಈ ಇಂಗ್ಲಿಷಿನಿಂದ ಒಮ್ಮೆ ಫಜೀತಿಯೂ ಆಯಿತು. ನಾಗಪುರದ ಒಬ್ಬ ಅಕ್ಕಿ ವ್ಯಾಪಾರಿ ಮಿಲ್ಲಿಗೆ ಬಂದಿದ್ದ. ನಾನೂ ಅಂದು ಅಲ್ಲಿದ್ದೆ. ಸೂಟು ಹಾಕಿಕೊಂಡವನು, ಇಂಗ್ಲಿಷಿನಲ್ಲೇ ಮಾತು. ದೊಡ್ಡಪ್ಪ ಎಲ್ಲದಕ್ಕೂ ಗಂಭೀರವಾಗಿ ತಲೆಯಾಡಿಸುತ್ತ ಕೂತಿದ್ದರು. ಒಪ್ಪಿದ ದರವನ್ನು ಲಾರಿ ತುಂಬಿದ ಮೇಲೆ ಇಳಿಸಬೇಕೆಂದು ಆ ಮನುಷ್ಯ ಹಿಂದಿಯಲ್ಲಿ ಗೊಣಗಿದ್ದೇ ತಡ, ಕನ್ನಡಕ ಜೇಬಿಗೆ ಹೋಯಿತು. ಅಂದು ಒಂದು ಪದಕ್ಕೆ ನಿಲ್ಲಲಿಲ್ಲ. ಡಿಸ್‌ಆನರಬಲ್, ಡೆಸ್ಪಿಕಬಲ್, ಕಂಟೆಂಪ್ಟಿಬಲ್, ಇಗ್ನೋಮಿನಿಯಸ್ ಎಂದು ಒಂದರ ಹಿಂದೆ ಒಂದು ಚೀಲ ಇಳಿದ ಹಾಗೆ ಇಳಿದವು. ವ್ಯಾಪಾರಿ ಬೆವರು ಒರೆಸಿಕೊಂಡು ಹಳೆಯ ದರಕ್ಕೇ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಇಂಥ ವಿದ್ವಾಂಸರು ಸಿಕ್ಕಿದರಲ್ಲ ಎಂಬ ಗೌರವದಿಂದ, ದೇಶದ ಮಾರುಕಟ್ಟೆಯ ಸ್ಥಿತಿಗತಿಯನ್ನು ಇಂಗ್ಲಿಷಿನಲ್ಲಿ ಬಹಳ ಹೊತ್ತು ವಿವರಿಸಿದ. ದೊಡ್ಡಪ್ಪ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು: "ಏನಂತಾನವ?"

ನಾನು ಬೆರಗಾಗುವುದು ಅವರಿಗೆ ಇಷ್ಟು ಪದಗಳು ಗೊತ್ತು ಎಂಬುದಕ್ಕಲ್ಲ. ಅವುಗಳನ್ನು ಒಂದರಿಂದೊಂದನ್ನು ಬೇರೆ ಮಾಡಿ ಇಟ್ಟುಕೊಂಡಿರುವ ರೀತಿಗೆ. ಶೇಮ್‌ಫುಲ್, ಶೇಮ್‌ಲೆಸ್ ಎರಡೂ ಬೈಗುಳವೇ ಹೇಗಾದವು ಎಂದು ತರಗತಿಯಲ್ಲಿ ಹುಡುಗಿಯೊಬ್ಬಳು ನನ್ನನ್ನು ಕೇಳಿದ್ದಳು. ಒಂದರಲ್ಲಿ ನಾಚಿಕೆ ತುಂಬಿದೆ, ಇನ್ನೊಂದರಲ್ಲಿ ಖಾಲಿ. ಎರಡೂ ಕೆಟ್ಟದ್ದು ಹೇಗೆ? ನಾನು ಏನೋ ವ್ಯಾಕರಣ ಹೇಳಿ ಮುಗಿಸಿದ್ದೆ. ದೊಡ್ಡಪ್ಪನ ಮುಂದೆ ಆ ಮಾತು ತೆಗೆದಾಗ ಅವರು ಯೋಚಿಸಲೂ ಇಲ್ಲ.

"ಶೇಮ್‌ಫುಲ್ ಅಂಬೋದು ಮಾಡಿದ ಕೆಲಸಕ್ಕ. ಶೇಮ್‌ಲೆಸ್ ಅಂಬೋದು ಮಾಡಿದ ಮನುಷ್ಯಾಗ. ನಾಚಿಕಿ ಆ ಮನುಷ್ಯಾನ ಬಿಟ್ಟು ಹೋಗಿ ಅವನ ಕೆಲಸಕ್ಕ ಅಂಟಿಕೊಂಡಿರ್ತದ. ಅದನ್ನ ತಿರುಗಿ ಮನುಷ್ಯಾಗ ಹಚ್ಚಬೇಕು. ಅಷ್ಟ ನಮ್ಮ ಕೆಲಸ."

ನಾನು ಮರುದಿನ ತರಗತಿಯಲ್ಲಿ ಇದನ್ನೇ ಹೇಳಿದೆ. ಯಾರ ಮಾತು ಎಂದು ಹೇಳಿದರೆ ನಂಬುತ್ತಾರೆಯೇ? ಒಬ್ಬ ವಿಮರ್ಶಕರದು ಎಂದೆ.

ಎಲ್ಲಕ್ಕಿಂತ ಭಾರವಾದ ಪದ ಅವರ ಲೆಕ್ಕದಲ್ಲಿ ಡಿಸ್‌ರೆಪ್ಯೂಟಬಲ್. ಅದನ್ನು ಅವರು ಯಾರ ಮೇಲೂ ಬಳಸಿದ್ದನ್ನು ನಾನು ಕಂಡಿರಲಿಲ್ಲ. ಉಳಿದ ಪದಗಳು ಮಾಡಿದ ಕೆಲಸಕ್ಕೋ ಮಾಡಿದವನಿಗೋ ಹತ್ತುತ್ತವೆ, ಇದು ಹೆಸರಿಗೇ ಹತ್ತುತ್ತದೆ. ಹೆಸರು ಹೋದ ಮೇಲೆ ಮನುಷ್ಯನಲ್ಲಿ ಉಳಿಯುವುದೇನು ಎಂಬುದು ಅವರ ವಾದ. ಇಂಗ್ಲಿಷಿನವರು ಹಳೆಯ ಹರಕು ಕೋಟಿಗೂ ಅದೇ ಪದ ಅನ್ನುತ್ತಾರೆ, ಅದೇನು ಅಷ್ಟು ದೊಡ್ಡದಲ್ಲ ಎಂದು ನಾನು ಹೇಳಿ ನೋಡಿದೆ.

"ಅವರ ಊರಾಗ ಹೆಸರು ಅಗ್ಗ ಇರಬೇಕು," ಎಂದರು.

ಕಲ್ಮಲದ ಒಬ್ಬ ಅತ್ತೆ ತನ್ನ ಸೊಸೆಯನ್ನು ಕರೆದುಕೊಂಡು ಬಂದದ್ದನ್ನು ಹೇಳದೆ ಮುಂದೆ ಹೋಗಲಾರೆ. ಸೊಸೆ ತಡವಾಗಿ ಏಳುತ್ತಾಳೆ, ಆಕೆಗೆ ಒಂದು ಪದ ಕೊಡಿ ಎಂದು ದೂರು. ಬೆಳಿಗ್ಗೆ ನೀರು ತರುವವರು ಯಾರು, ರೊಟ್ಟಿ ಬಡಿಯುವವರು ಯಾರು, ದನದ ಕೊಟ್ಟಿಗೆ ಬಳಿಯುವವರು ಯಾರು ಎಂದು ದೊಡ್ಡಪ್ಪ ಒಂದೊಂದಾಗಿ ಕೇಳಿದರು. ಎಲ್ಲದಕ್ಕೂ ಸೊಸೆಯೇ ಎಂದು ಅತ್ತೆಯ ಬಾಯಿಂದಲೇ ಬಂತು. ಕನ್ನಡಕ ಜೇಬಿಗೆ ಹೋಯಿತು. ದೊಡ್ಡಪ್ಪ ಅತ್ತೆಯನ್ನೇ ನೋಡುತ್ತ, "ಡಿಪ್ಲೋರಬಲ್," ಎಂದರು.

ಅತ್ತೆ ಜಂಬದಿಂದ ಸೊಸೆಯ ಕಡೆ ತಿರುಗಿದಳು. "ಕೇಳಿದೇನು? ನಿನಗ ಏನಂದ್ರು ನೋಡು."

ಸೊಸೆ ಪಿಯುಸಿ ಓದಿದವಳು. ಆಕೆ ತಲೆ ತಗ್ಗಿಸಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಹೌದ್ರಿ ಅತ್ತಿ," ಎಂದಳು.

ಅವರು ಹೋದ ಮೇಲೆ ನಾನು ಕೇಳಿದೆ: "ಅತ್ತಿಗೆ ಅರ್ಥ ಆಗಲೇ ಇಲ್ಲಲ್ರಿ ದೊಡ್ಡಪ್ಪ?"

"ಸೊಸಿಗೆ ಆತಲ್ಲ. ಆಕಿಗೆ ಬೇಕಾಗಿದ್ದು ಅಷ್ಟ."

ಇಡೀ ತಾಲ್ಲೂಕಿನಲ್ಲಿ ಈ ಪದಗಳಿಗೆ ಅಂಜದವರು ಒಬ್ಬರೇ, ನಮ್ಮ ದೊಡ್ಡವ್ವ. ಪಲ್ಯದಲ್ಲಿ ಉಪ್ಪು ಹೆಚ್ಚಾಗಿ ದೊಡ್ಡಪ್ಪ "ಸ್ಕ್ಯಾಂಡಲಸ್" ಎಂದರೆ ಅವರು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ, "ಹೌದ್ರಿ. ಇನ್ನೊಂದು ರೊಟ್ಟಿ ಹಾಕ್ಲಿ?" ಎನ್ನುತ್ತಾರೆ. ಹಾಕಿಸಿಕೊಳ್ಳದೆ ದೊಡ್ಡಪ್ಪನಿಗೂ ಗತಿಯಿಲ್ಲ.

ಸರಿ, ಈ ಮನುಷ್ಯ ಎಲ್ಲರಂತೆ ಕನ್ನಡದಲ್ಲೇ ಯಾಕೆ ಬೈಯುವುದಿಲ್ಲ? ಜಂಬಕ್ಕೆ ಎಂದು ನಾನು ಬಹಳ ದಿನ ತಿಳಿದಿದ್ದೆ. ದೊಡ್ಡವ್ವ ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ಅದರ ಕಾರಣ ಹೇಳಿದರು.

ನಮ್ಮ ಮುತ್ಯಾ, ಅಂದರೆ ಅಜ್ಜ, ಅವರ ಕಾಲದಲ್ಲಿ ಪಂಚಾಯ್ತಿ ಮಾಡುತ್ತಿದ್ದರು. ಚೀಕಲಪರ್ವಿ ಕಡೆಯ ಒಂದು ಹಳ್ಳಿಯವನು ಬಸುರಿ ಹೆಂಡತಿ ಆಸೆಪಟ್ಟಳೆಂದು ಗುಡಿಯಲ್ಲಿಟ್ಟಿದ್ದ ಒಂದು ತೆಂಗಿನಕಾಯಿ ಎತ್ತಿಕೊಂಡು ಹೋಗಿದ್ದ. ಮುತ್ಯಾ ಸಿಟ್ಟಿನಲ್ಲಿ, ಜನರೆಲ್ಲರ ಎದುರು, "ಕಾಯಿಕಳ್ಳ" ಎಂದುಬಿಟ್ಟರು. ಆ ಕಾಯಿಯ ಬದಲಿಗೆ ಅವನು ಗುಡಿಗೆ ಒಂದು ಚೀಲ ಕಾಯಿ ಒಪ್ಪಿಸಿದ. ಆದರೆ ಮಾತು ಹೋಗಲಿಲ್ಲ. ಅವನ ಮನೆ ಕಾಯಿಕಳ್ಳರ ಮನೆಯಾಯಿತು. ಅವನ ಮಗ ಕಾಯಿಕಳ್ಳರ ಮಗನಾದ. ಈಗ ಮೊಮ್ಮಗ ಮೇಷ್ಟರಾಗಿದ್ದಾನೆ. ಬಲು ಒಳ್ಳೆಯ ಮೇಷ್ಟರಂತೆ. ಅವನಿಗೆ ಹೆಣ್ಣು ನೋಡಲು ಹೋದಲ್ಲೆಲ್ಲ, "ಕಾಯಿಕಳ್ಳರ ಪೈಕಿಯವರೇನು?" ಎಂದು ಕೇಳುತ್ತಾರೆ.

"ನಮ್ಮ ಮಂದಿ ನಾಲಿಗಿಗೆ ಕನ್ನಡದ ಮಾತು ಹತ್ತಿದ್ರ ಬಿಡಂಗಿಲ್ಲ ಬೇ," ಎಂದರು ದೊಡ್ಡವ್ವ. "ಇಂಗ್ಲಿಷಿನದು ಬಸ್ ಸ್ಟ್ಯಾಂಡ್ ಮುಟ್ಟೋದ್ರಾಗ ಅರ್ಧ ಮರ್ತು ಹೋಗ್ತದ. ಬೈದಂಗೂ ಆತು, ಹೆಸರೂ ಉಳೀತು. ಅದಕ್ಕ ಇವರು ಹಿಂಗ ಮಾಡ್ತಾರ. ಕೇಳಿದ್ರ ಹೇಳಂಗಿಲ್ಲ. ನೀನೂ ಕೇಳಬ್ಯಾಡ."

ನಾನು ಕೇಳಲಿಲ್ಲ.

ಇನ್ನು ನನ್ನ ವಿಷಯಕ್ಕೆ ಬರಬೇಕು. ಬರದೇ ಇರಲು ಸಾಧ್ಯವಿದ್ದರೆ ಬರುತ್ತಿರಲಿಲ್ಲ.

ಹೋದ ವರ್ಷ ದೊಡ್ಡಪ್ಪನೇ ಮುಂದೆ ನಿಂತು ನನಗೊಂದು ಗಂಡು ಗೊತ್ತು ಮಾಡಿದರು. ದೇವದುರ್ಗದವರು, ಬಟ್ಟೆ ಅಂಗಡಿಯ ಮನೆತನ. ದೊಡ್ಡಪ್ಪ ಮಾತು ಕೊಟ್ಟಿದ್ದಾರೆ ಎಂದರೆ ಮುಗಿಯಿತು, ಗಂಡಿನ ಕಡೆಯವರು ನಮ್ಮ ಮನೆಗೆ ಬಂದು ಹೂ ಮುಡಿಸಿದರು. ಬಂಧು ಬಳಗಕ್ಕೆಲ್ಲ ಸಕ್ಕರೆ ಹಂಚಿಯಾಯಿತು. ಹುಡುಗ ಒಳ್ಳೆಯವರು. ದುಶ್ಚಟವಿಲ್ಲ, ದೊಡ್ಡ ದನಿಯಿಲ್ಲ, ದಿನಾ ಸಂಜೆ ಫೋನು ಮಾಡಿ "ಊಟ ಆತ್ರಿ?" ಎಂದು ಕೇಳುತ್ತಿದ್ದರು. ಅವರ ಫೋನು ಬಂದಾಗಲೆಲ್ಲ ನನಗೆ ಮಾಡಬೇಕಾದ ಬೇರೆ ಯಾವುದಾದರೂ ಕೆಲಸ ನೆನಪಾಗುತ್ತಿತ್ತು. ಒಣಗಿದ ಬಟ್ಟೆ ಮಡಚುವುದು ಕೂಡ. ಮೊದಮೊದಲು ಸಂಕೋಚ ಎಂದುಕೊಂಡೆ. ಅದು ಸಂಕೋಚವಲ್ಲ ಎಂದು ಖಾತ್ರಿಯಾದ ದಿನ ಮಾನ್ವಿಗೆ ಹೋದೆ. ಅಪ್ಪನಿಗಿಂತ ಮೊದಲು ದೊಡ್ಡಪ್ಪನಿಗೇ ಹೇಳಬೇಕಿತ್ತು. ಮಾತು ಕೊಟ್ಟವರು ಅವರು.

ತಗಡಿನ ನೆರಳಲ್ಲಿ, ಎಲ್ಲರೂ ಕೂರುವ ಬೆಂಚಿನ ಮೇಲೆ ಕೂತು ಹೇಳಿದೆ. ದೊಡ್ಡಪ್ಪ ಕನ್ನಡಕ ತೆಗೆದರು. ನಾನು ಉಸಿರು ಹಿಡಿದೆ. ಅವರು ಅದನ್ನು ಪಂಚೆಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಖಾತ್ರಿನಾ?"

"ಖಾತ್ರಿ ದೊಡ್ಡಪ್ಪ."

"ಹುಡುಗ ಏನರೆ ಅಂದನಾ?"

"ಇಲ್ರಿ. ಛಲೋ ಮನುಷ್ಯಾರ. ನನ್ನ ಮನಸ್ಸು ಒಪ್ಪವಲ್ದು, ಅಷ್ಟ."

"ಅದ ತ್ರಾಸಿಂದು," ಎಂದರು. "ಅವ ಕೆಟ್ಟಾವ ಇದ್ದಿದ್ರ ಪದಾ ತಯಾರಿತ್ತು."

ಆಮೇಲೆ ಚಹಾ ತರಿಸಿದರು.

ನಮ್ಮ ಕಡೆ ಹೂ ಮುಡಿಸಿದ ಮೇಲೆ ಹುಡುಗಿ ಒಲ್ಲೆ ಎಂದರೆ ಅದು ಎರಡು ಮನೆಗಳ ನಡುವೆ ಮುಗಿಯುವ ಮಾತಲ್ಲ. ಯಾರ ತಪ್ಪು ಎಂಬುದು ಇತ್ಯರ್ಥವಾಗಬೇಕು. ಯಾರದೂ ತಪ್ಪಿಲ್ಲ ಎಂಬುದು ಇತ್ಯರ್ಥವಲ್ಲ. ಅದನ್ನು ಹಿಡಿದುಕೊಂಡು ಯಾರೂ ಮನೆಗೆ ಹೋಗಲಾರರು. ಗಂಡಿನ ಕಡೆ ತಪ್ಪು ಉಳಿದರೆ ಆ ಹುಡುಗನಿಗೆ ಇನ್ನೊಂದು ಹೆಣ್ಣು ಸಿಗುವುದು ಕಷ್ಟ. ನನ್ನ ಕಡೆ ಉಳಿದರೆ ನನಗೊಂದು ಹೆಸರು ಬೀಳುತ್ತದೆ, ಕನ್ನಡದಲ್ಲಿ.

ಒಂದು ಭಾನುವಾರ ದೇವದುರ್ಗದವರು ರಾಯಚೂರಿನ ನಮ್ಮ ಮನೆಗೆ ಬಂದರು. ಹುಡುಗನ ತಂದೆ, ಹುಡುಗನ ಸೋದರಮಾವ, ಇನ್ನೂ ಕೆಲವು ಹಿರಿಯರು. ನಮ್ಮ ಕಡೆ ಅಪ್ಪ, ಮಾನ್ವಿಯಿಂದ ಬಂದಿದ್ದ ದೊಡ್ಡಪ್ಪ. ಹೊರಗಿನ ಕೋಣೆಯಲ್ಲಿ ಜಮಖಾನ ಹಾಸಿತ್ತು. ನಾನು, ಅವ್ವ, ದೊಡ್ಡವ್ವ ಅಡುಗೆ ಮನೆಯ ಬಾಗಿಲ ಹಿಂದೆ ಇದ್ದೆವು. "ಶರಣ್ರಿ", "ಶರಣು ಬರ್ರಿ" ಎಲ್ಲ ಆಯಿತು. ಚಹಾ ಆಯಿತು. ಮಳೆ ಬೆಳೆಯ ಮಾತೂ ಆಯಿತು. ಕೊನೆಗೆ ಸೋದರಮಾವ ಲೋಟ ಕೆಳಗಿಟ್ಟ.

"ನಮ್ಮ ಹುಡುಗನ ತಪ್ಪು ಏನದ, ಹೇಳ್ರಿ."

"ಏನಿಲ್ಲ," ಎಂದರು ದೊಡ್ಡಪ್ಪ. "ಬಂಗಾರದಂಥ ಹುಡುಗ."

"ನಮ್ಮ ಮನೆತನದಾಗ ಏನರೆ?"

"ಏನಿಲ್ಲ."

"ಹಂಗಾದ್ರ ತಪ್ಪು ನಿಮ್ಮ ಹುಡುಗಿದಾತು. ಹೂ ಮುಡಿಯೋವಾಗ ಬಾಯಿ ಇರಲಿಲ್ಲೇನು ಆಕಿಗೆ? ಕಲ್ತಾಕಿ ಅಂತೀರಿ. ನಾಕು ಮಂದಿ ಎದುರು ಹೂ ಮುಡದು ಆಮ್ಯಾಲ ಒಲ್ಲೆ ಅಂಬಾಕಿಗೆ ನಮ್ಮ ಕಡಿ ಏನಂತಾರ ಗೊತ್ತದೇನ್ರಿ? ಇಂಥಾಕಿಗೆ..."

"ತಡೀರಿ," ಎಂದರು ದೊಡ್ಡಪ್ಪ.

ದನಿ ಏರಿಸಲಿಲ್ಲ. ಕೈ ಮಾತ್ರ ಎತ್ತಿದರು.

"ಪಂಚಾಯ್ತಿಗೆ ನಾ ಕುಂತೀನಿ. ಪದಾ ನಾ ಕೊಡಬೇಕು. ನೀವಲ್ಲ."

ಸೋದರಮಾವನ ಬಾಯಲ್ಲಿದ್ದ ಮಾತು ಬಾಯಲ್ಲೇ ಉಳಿಯಿತು. ದೇವದುರ್ಗದವರಿಗೂ ದೊಡ್ಡಪ್ಪನ ಪದ್ಧತಿ ಗೊತ್ತಿತ್ತು. ಅಪ್ಪ ತಲೆ ತಗ್ಗಿಸಿ ಜಮಖಾನದ ಅಂಚನ್ನು ಬೆರಳಿಂದ ಸವರುತ್ತಿದ್ದರು. ಬಾಗಿಲ ಸಂದಿಯಿಂದ ದೊಡ್ಡಪ್ಪನದು ನನಗೆ ಕಂಡದ್ದು ಬೆನ್ನು, ಮತ್ತು ಮೊಣಕೈ. ಮೊಣಕೈ ಮೇಲೆದ್ದಿತು, ಕನ್ನಡಕ ಜೇಬಿಗೆ ಇಳಿಯಿತು. ಅವ್ವ ನನ್ನ ಕೈ ಹಿಡಿದುಕೊಂಡಳು. ಶೇಮ್‌ಫುಲ್ ಎಂದರೆ ಸಾಕು ಎಂದು ನಾನು ಅಂದುಕೊಳ್ಳುತ್ತಿದ್ದೆ. ಡಿಸ್‌ಗ್ರೇಸ್‌ಫುಲ್ ಆದರೂ ಹೊರಬಲ್ಲೆ.

"ಡಿಸ್‌ರೆಪ್ಯೂಟಬಲ್," ಎಂದರು ದೊಡ್ಡಪ್ಪ.

ಆ ಪದದ ಅರ್ಥ ಗೊತ್ತಿಲ್ಲದವರಿಗೂ ಅದರ ತೂಕ ಗೊತ್ತಾಯಿತು. ಹುಡುಗನ ತಂದೆಯೇ, "ಅಷ್ಟು ದೊಡ್ಡದು ಯಾಕ್ರಿ, ಹೆಣ್ಣುಮಗಳು..." ಎಂದು ತಡವರಿಸಿದರು.

"ಹೆಣ್ಣುಮಗಳಿಗಲ್ಲ. ನನಗ."

"ಏನಂದ್ರಿ?"

"ಈ ಮದುವಿ ಮಾತು ಕೊಟ್ಟಾವ ಯಾರು? ನಾನು. ಕೊಡೋಕ ಮೊದಲು ಈ ಹುಡುಗಿನ ಒಂದು ಮಾತು ಕೇಳಿದ್ನೇನು? ಕೇಳಲಿಲ್ಲ. ನಾ ಹೇಳಿದ್ರ ಆಕಿ ಇಲ್ಲ ಅನ್ನಂಗಿಲ್ಲ ಅಂತ ನನಗ ಗೊತ್ತಿತ್ತು. ಗೊತ್ತಿದ್ದ ಕೇಳಲಿಲ್ಲ. ನಿಮ್ಮ ಹುಡುಗ ಛಲೋ. ನಮ್ಮ ಹುಡುಗಿ ಛಲೋ. ಕೆಟ್ಟಿದ್ದು ನನ್ನ ಮಾತು."

ಸೋದರಮಾವ ಇನ್ನೂ ಅನುಮಾನದಲ್ಲಿದ್ದ. "ನಿಮ್ಮ ಇಂಗ್ಲಿಷ್ ನಮಗೇನು ತಿಳೀತದ್ರಿ. ಊರಾಗ ಕೇಳಿದ್ರ ನಾವೇನು ಹೇಳೋಣು?"

ದೊಡ್ಡಪ್ಪ ಅವನ ಕಡೆ ತಿರುಗಿದರು.

"ಕನ್ನಡದಾಗ ಹೇಳ್ತೀನಿ, ನೆನಪಿಟ್ಕೋರಿ," ಎಂದರು. "ಮಾತು ತಪ್ಪಿದಾವ. ಮಾನ್ವಿ ಅಕ್ಕಿ ಮಿಲ್ಲಿನಾವ ಮಾತು ತಪ್ಪಿದಾವ ಅಂತ ಹೇಳ್ರಿ. ದೇವದುರ್ಗದಾಗೂ ಹೇಳ್ರಿ, ದಾರ್‍ಯಾಗೂ ಹೇಳ್ರಿ."

ನನ್ನ ಪಕ್ಕದಲ್ಲಿದ್ದ ದೊಡ್ಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಯಾವ ಪದಕ್ಕೂ ಅಂಜದ ದೊಡ್ಡವ್ವ.

ಹುಡುಗನ ತಂದೆ ಎದ್ದು ಬಂದು ದೊಡ್ಡಪ್ಪನ ಎರಡೂ ಕೈ ಹಿಡಿದುಕೊಂಡರು. ಸೋದರಮಾವ ಚಪ್ಪಲಿ ಮೆಟ್ಟುತ್ತ, ಪಕ್ಕದವನಿಗೆ ಕೇಳಿಸುವಷ್ಟು ದನಿಯಲ್ಲಿ, "ಮಾತು ತಪ್ಪಿದಾವ," ಎಂದು ಒಮ್ಮೆ ಅಂದು ನೋಡಿದ. ನಾಲಿಗೆಗೆ ಚೆನ್ನಾಗಿ ಕೂತಿತು ಎಂದು ಅವನ ಮುಖವೇ ಹೇಳುತ್ತಿತ್ತು.

ಅವರೆಲ್ಲ ಹೋದ ಮೇಲೆ ದೊಡ್ಡಪ್ಪ ಹಸಿವಾಗಿದೆ ಎಂದರು. ದೊಡ್ಡವ್ವ ರೊಟ್ಟಿ ಬಡಿಸಿದರು. ಇನ್ನೊಂದು ಹಾಕಲೇ ಎಂದು ಕೇಳಲಿಲ್ಲ, ಕೇಳದೆಯೇ ಹಾಕಿದರು. ನಾನು ಎದುರಿಗೆ ಕೂತೆ.

"ಕನ್ನಡದಾಗ ಯಾಕ ಅಂದ್ರಿ ದೊಡ್ಡಪ್ಪ?"

ದೊಡ್ಡಪ್ಪ ರೊಟ್ಟಿ ಮುರಿದರು. "ಇಂಗ್ಲಿಷ್ ಅಷ್ಟ ಅಂದಿದ್ರ ಅವರು ಖಾಲಿ ಬಾಯಿಲೆ ಹೋಗ್ತಿದ್ರು ಯವ್ವಾ. ದೇವದುರ್ಗ ದೂರದ. ಖಾಲಿ ಬಾಯಿ ಸುಮ್ಮನಿರಂಗಿಲ್ಲ, ನಿನ್ನ ಹೆಸರು ಹಿಡೀತಿತ್ತು. ಈಗ ಅಗಿಯಾಕ ಏನರೆ ಸಿಕ್ಕದಲ್ಲ."

"ನಿಮ್ಮ ಹೆಸರು?"

"ನನಗ ವಯಸ್ಸಾಗ್ಯದ. ಎಷ್ಟು ದಿನ ಕರೀತಾರ?"

ಇದು ಸುಳ್ಳು ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಜನ ಹಾಗೆ ಕರೆಯುವುದು ದೊಡ್ಡಪ್ಪ ಇರುವವರೆಗೆ ಮಾತ್ರ ಅಲ್ಲ.

ಸಂಜೆಯ ಬಸ್ಸಿಗೆ ಅವರಿಬ್ಬರೂ ಮಾನ್ವಿಗೆ ಹೊರಟರು. ಅವರು ಊರು ಮುಟ್ಟುವ ಮೊದಲೇ ಮಾತು ಮುಟ್ಟಿತ್ತು. ಮಾನ್ವಿಯ ನಮ್ಮ ಬೀಗರೊಬ್ಬರು ಅಪ್ಪನಿಗೆ ಫೋನು ಮಾಡಿ, ಏನೂ ಅರಿಯದವರಂತೆ ಕೇಳಿದರು: "ನಿಮ್ಮಣ್ಣ ಮಾತು ತಪ್ಪಿದ್ರಂತಲ್ರೀ, ಹೌದೇನು?" ಅಪ್ಪ ಫೋನು ಇಟ್ಟರು. ಇನ್ನು ಆ ತಗಡಿನ ನೆರಳಿಗೆ ಪದ ಕೇಳಿಕೊಂಡು ಯಾರು ಬರುತ್ತಾರೆ ಎಂದು ಅಪ್ಪನೂ ನಾನೂ ಯೋಚಿಸುತ್ತಿದ್ದೆವು.

ಮರುದಿನ ಬೆಳಿಗ್ಗೆ ಕಾಲೇಜಿಗೆ ರಜೆ ಹೇಳಿ ನಾನು ದೇವದುರ್ಗದ ಬಸ್ಸು ಹತ್ತಿದೆ. ಬಟ್ಟೆ ಅಂಗಡಿಯವರ ಮನೆ ಕೇಳಿಕೊಂಡು ಹೋದೆ. ಓಣಿಯ ಹೆಂಗಸರು ಎದುರು ಮನೆಯ ಕಟ್ಟೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಹುಡುಗನ ತಾಯಿ ಬಾಗಿಲಿಗೆ ಬಂದರು. ನನ್ನನ್ನು ನೋಡಿ ಅವರ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು. ಒಳಗೆ ಕರೆದರು. ನಾನು ಹೋಗಲಿಲ್ಲ. ಹೊಸ್ತಿಲ ಹೊರಗೇ ನಿಂತು, ಎದುರು ಕಟ್ಟೆಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ:

"ಒಲ್ಲೆ ಅಂದಾಕಿ ನಾನ್ರಿ. ನಮ್ಮ ದೊಡ್ಡಪ್ಪ ಮಾತು ತಪ್ಪಿಲ್ಲ."